ನೆದರ್‌ಫೋರ್ಡ್ ದೋಣಿ ಕ್ಲಬ್ಬಿನ ಒಂದೇ ಗೆಲುವು

ಹುಟ್ಟು ಹಾಕಿ ಬಲ್ಲವರು ಹೇಳಬೇಕಾದ ಕತೆಯಿದು. ದಡದಲ್ಲಿ ನಿಂತು ಹೇಳುತ್ತಿರುವುದಕ್ಕೆ ಕ್ಷಮೆಯಿರಲಿ.

ವಿಕ್ಟೋರಿಯಾ ರಾಣಿಯ ಕಾಲ. ಇಂಗ್ಲೆಂಡಿನ ಟ್ರೆಂಟ್ ನದಿಯ ದೋಣಿ ಪಂದ್ಯಗಳಲ್ಲಿ ಹವ್ಯಾಸಿಗಳಿಗಷ್ಟೇ ಪ್ರವೇಶ. ಕೈಕಸುಬಿನಿಂದ ಹೊಟ್ಟೆ ಹೊರೆಯುವವನು ದೋಣಿಯಲ್ಲಿದ್ದರೆ ಗೆದ್ದ ಬಹುಮಾನದ ಬಟ್ಟಲನ್ನೂ ಕಿತ್ತುಕೊಳ್ಳುತ್ತಿದ್ದರು. ಜವಳಿ ಅಂಗಡಿಯ ಗುಮಾಸ್ತ ಆಂಬ್ರೋಸ್ ಪಿಲ್ಬೀಮ್ ಈ ಕ್ಲಬ್ಬು ಕಟ್ಟಿದ್ದೇ ಊರು ತನ್ನನ್ನೂ ಸಭ್ಯಗೃಹಸ್ಥನೆಂದು ಎಣಿಸಲಿ ಎಂದು.

ಪಂದ್ಯದ ಬೆಳಿಗ್ಗೆ ಅವನ ಜೊತೆಗಾರ ಟಾಡ್, ಉತ್ಸಾಹದಲ್ಲಿ, ಬೂಟುಗಾಲಲ್ಲೇ ದೋಣಿಗೆ ಹಾರಿದ. ಹಪ್ಪಳ ಮುರಿದಂಥ ಸದ್ದು. ಕ್ಲಬ್ಬಿಗಿದ್ದ ಒಂದೇ ದೋಣಿಗೆ ತೂತು.

"ಬಡಗೀನ ಕರೀರೋ!"

"ಅವರೆಲ್ಲಾ ಆಗ್ಲೇ ಬಿಯರ್ ಮುಂದೆ ಕೂತಾಯ್ತು. ಯಾರಪ್ಪಾ ಏಳ್ತಾರೆ?"

ಪಿಲ್ಬೀಮನೇ ಕೋಟು ಬಿಚ್ಚಿ, ಹಲಗೆ ಬಡಿದು, ಡಾಂಬರು ಮೆತ್ತಿದ. ಹೇಗೋ ಏನೋ, ಮಧ್ಯಾಹ್ನ ಗೆದ್ದೂಬಿಟ್ಟರು!

ಬಟ್ಟಲು ಕೈಗೆ ಬರುವಷ್ಟರಲ್ಲಿ ಸೋತ ತಂಡದ ನಾಯಕ ಹಾರ್ಬಾಟಲ್ ಕೂಗಿದ: "ತಡೀರಿ! ಇವ್ನು ಸುತ್ತಿಗೆ ಹಿಡಿದದ್ದು ಕಣ್ಣಾರೆ ಕಂಡಿದೀನಿ. ಬಡಗಿ ಇವ್ನು!"

ತೀರ್ಪುಗಾರ ಕರ್ನಲ್ ಫ್ಯಾನ್‌ಶಾ ಹುಬ್ಬೇರಿಸಿದರು. "ಏನ್ರೀ, ಹೌದೇನ್ರೀ?"

"ಅಯ್ಯೋ ಇಲ್ಲ ಸಾರ್! ಸುಮ್ನೆ ಒಂದು ತೇಪೆ. ಅದೂ ಸೊಟ್ಟಗಿದೆ."

"ಸೊಟ್ಟನಾ?" ಟಾಡ್‌ಗೆ ಅಭಿಮಾನ ಉಕ್ಕಿತು. "ಸಂಕೋಚ ಸಾರ್ ಇವನಿಗೆ! ಕೈಯಲ್ಲಿ ಜಾದೂನೇ ಇದೆ. ಎಷ್ಟಾದ್ರೂ ಇವರಪ್ಪ ಬಡಗಿ ಅಲ್ವಾ!"

ಪಿಲ್ಬೀಮನ ಮುಖ ಸುಣ್ಣದಂತಾಯಿತು.

"ಕೆಲಸ ನೋಡಿದ್ರೆ ಕಸುಬು ಗೊತ್ತಾಗತ್ತೆ. ನಡೀರಿ," ಎಂದು ಕರ್ನಲ್ಲರು ದೋಣಿಗಿಳಿದು, ಟಾಡ್‌ನಿಂದ ನದಿಯ ನಡುವಿಗೆ ಹುಟ್ಟು ಹಾಕಿಸಿ, ತೇಪೆಯ ಮೇಲೆ ಎರಡೂ ಕಾಲೂರಿ ನಿಂತರು. ಮೊದಲು ಬೂಟು ಮುಳುಗಿತು, ಆಮೇಲೆ ಪದಕಗಳು, ಕೊನೆಗೆ ಮೀಸೆ.

ಅವರನ್ನೂ ಟಾಡ್‌ನನ್ನೂ ದಡಕ್ಕೆಳೆದಾಗ ಪಿಲ್ಬೀಮ್ ಕಣ್ಣುಮುಚ್ಚಿ ನಿಂತಿದ್ದ. ಕರ್ನಲ್ಲರು ನೀರು ಉಗುಳಿ ಗುಡುಗಿದರು: "ಯಾವನ್ರೀ ಇವನನ್ನ ಬಡಗಿ ಅಂದದ್ದು? ಅಪ್ಪಟ ಹವ್ಯಾಸಿ! ಕೊಡಿ ಬಟ್ಟಲು!"

ಚಪ್ಪಾಳೆಯೋ ಚಪ್ಪಾಳೆ. ಊರಿಗೂರೇ ಟೋಪಿ ತೆಗೆದು ಪಿಲ್ಬೀಮನಿಗೆ ವಂದಿಸಿತು. ಅವನು ಮಾತ್ರ ಬಟ್ಟಲನ್ನೆದೆಗೊತ್ತಿಕೊಂಡು ನದಿಯತ್ತ ನೋಡುತ್ತಿದ್ದ. ನೀರಿನ ಮೇಲೆ ನಾಲ್ಕು ಗುಳ್ಳೆಗಳಿದ್ದವು, ದೋಣಿಯಿರಲಿಲ್ಲ. ದೋಣಿಯಿಲ್ಲದ ದೋಣಿ ಕ್ಲಬ್ಬು ಚಳಿಗಾಲ ಕಾಣದೆ ಮುಚ್ಚಿತು; ಸಭ್ಯಗೃಹಸ್ಥ ಪಿಲ್ಬೀಮ್ ಮತ್ತೆ ಬಟ್ಟೆ ಅಳೆಯತೊಡಗಿದ.

ತೇಪೆ ಬಿಟ್ಟದ್ದು ಅವನ ಕೆಲಸ ಕೆಟ್ಟದ್ದರಿಂದಲೋ, ಕರ್ನಲ್ಲರ ತೂಕದಿಂದಲೋ? ದೋಣಿಯನ್ನು ಯಾರೂ ಮೇಲೆತ್ತಿ ನೋಡಲಿಲ್ಲ. ನನಗಂತೂ ಗೊತ್ತಿಲ್ಲ.