ಬಾಕಿ ಕೆಲಸ ಮುಗಿಸಲೇ?

ಆ ಭಾನುವಾರ ಬೆಳಿಗ್ಗೆ ಹಾಸಿಗೆಯಿಂದ ಏಳುತ್ತಲೇ ನಾನೊಂದು ಘೋರ ಪ್ರತಿಜ್ಞೆ ಮಾಡಿದೆ. ಸೂರ್ಯ ನೆತ್ತಿಗೆ ಬರುವುದರೊಳಗೆ ನನ್ನ ಹೆಂಡತಿಯ ಇಮೇಲ್ ಪ್ರೋಗ್ರಾಮಿನಲ್ಲಿ ಅಡಗಿ ಕೂತಿರುವ ಹಳೇ ಪ್ಲಗ್‌ಇನ್ನಿನ ಅಳಿದುಳಿದ ಫೈಲುಗಳನ್ನೆಲ್ಲ ನಿರ್ನಾಮ ಮಾಡುತ್ತೇನೆ! ಒಂದು ತುಣುಕೂ ಉಳಿಯಕೂಡದು!

ಇದು ಸಾಮಾನ್ಯರು ಆಡುವ ಮಾತಲ್ಲ. ಆದರೆ ನಾನೂ ಸಾಮಾನ್ಯನಲ್ಲ. ಗ್ರಂಥಾಲಯದಲ್ಲಿ ನನ್ನ ಉದ್ಯೋಗವೇ ವಿಲೇವಾರಿ. ಹರಿದ, ಹುಳು ತಿಂದ, ಯಾರೂ ಮುಟ್ಟದ ಪುಸ್ತಕಗಳನ್ನು ಕಪಾಟಿನಿಂದ ಆರಿಸಿ ರದ್ದಿಗೆ ಕಳಿಸುವವನು ನಾನು. ನನ್ನ ನೆರಳು ಬಿದ್ದರೆ ದಪ್ಪ ದಪ್ಪ ವಿಶ್ವಕೋಶಗಳೂ ಬೆವರುತ್ತವೆ. ಅಂಥವನಿಗೆ ನಾಲ್ಕು ಸತ್ತ ಫೈಲು ಯಾವ ಲೆಕ್ಕ?

ಇಮೇಲಿಗೆ ಅಂಟಿಸುವ ಈ ಪ್ಲಗ್‌ಇನ್ ಎಂಬ ಬಾಲಂಗೋಚಿ ಬಂದದ್ದು ಹೇಗೆ ಅನ್ನುತ್ತೀರಾ? ನಾನೇ ತಂದದ್ದು. ಕಳಿಸುವ ಪ್ರತಿ ಇಮೇಲಿನ ಕೊನೆಗೂ ಕಳಿಸಿದವರ ಹೆಸರಿನ ಸುತ್ತ ಗುಲಾಬಿ ಬಳ್ಳಿ ಹಬ್ಬಿಸುವುದು ಅದರ ಕೆಲಸ. ಹೆಂಡತಿಗೆ ಖುಷಿಯಾಗಲಿ ಅಂತ ಜೋಡಿಸಿದ್ದೆ. ಅವಳಿರುವುದು ಗುಂಡಿ ಕಾರ್ಖಾನೆಯಲ್ಲಿ. ಅಂಗಿ ಗುಂಡಿ, ಕೋಟಿನ ಗುಂಡಿಗಳ ಆರ್ಡರು ನೋಡಿಕೊಳ್ಳುತ್ತಾಳೆ. “ಮಾಲು ಒಡೆದು ಬಂದಿದೆ, ಯಾರು ಹೊಣೆ?” ಅಂತ ಗುಡುಗಿ ಕೆಳಗೆ ಗುಲಾಬಿ ಅರಳಿಸಿದರೆ ಯಾರು ಹೆದರುತ್ತಾರೆ? ವಾರದೊಳಗೆ “ತೆಗೀರಿ ಅದನ್ನ” ಅಂದಳು. ತೆಗೆದೆ. ಅಂದರೆ, ತೆಗೆದೆ ಅಂದುಕೊಂಡೆ. ಹೂವು ಹೋಯಿತು, ಬೇರು ಉಳಿಯಿತು. ಅಂದಿನಿಂದ ಅವಳು ‘ಕಳಿಸು’ ಒತ್ತಿದಾಗಲೆಲ್ಲ ಟಣ್ ಅಂತ ಒಂದು ಚೌಕ ಎದ್ದು ನಿಲ್ಲುತ್ತದೆ. “ಗುಲಾಬಿ ಸಿಗಲಿಲ್ಲ. ಮೇಲ್ ಹೋಗಲಿಲ್ಲ.” ಕೆಳಗೆ ಎರಡು ಆಯ್ಕೆ: ‘ಮತ್ತೆ ಪ್ರಯತ್ನಿಸು’, ‘ಬಿಟ್ಟುಬಿಡು’. ಮತ್ತೆ ಪ್ರಯತ್ನಿಸಿದರೆ ಮೇಲ್ ಹೋಗುತ್ತದೆ. ವರ್ಷಗಟ್ಟಲೆ ಹೀಗೇ ನಡೆದಿತ್ತು.

ಈಗ ಅವಸರವೇನು ಅಂದರೆ, ಮರುದಿನ ಅವಳಿಗೆ ಸಂದರ್ಶನ. ಆರ್ಡರ್ ವಿಭಾಗದ ಮುಖ್ಯಸ್ಥರ ಕುರ್ಚಿ ಖಾಲಿಯಾಗಿತ್ತು. ಆ ಕುರ್ಚಿಯ ಕೆಲಸವನ್ನೆಲ್ಲ ಪಕ್ಕದ ಸ್ಟೂಲಿನ ಮೇಲೆ ಕೂತು ಮಾಡುತ್ತಿದ್ದವಳು ನನ್ನ ಹೆಂಡತಿಯೇ. ಆದರೆ ಹಿಂದೆ ಎರಡು ಸಲ ಕಾರ್ಖಾನೆಯ ಮ್ಯಾನೇಜರು ಕುರ್ಚಿಯನ್ನು ಬೇರೆಯವರಿಗೆ ಕೊಟ್ಟಿದ್ದರು. “ಈ ಸಲಾನೂ ಕೊಡದಿದ್ರೆ ಇನ್ಯಾವತ್ತೂ ಕೇಳಲ್ಲ ರೀ,” ಅಂದಿದ್ದಳು. ಆ ಮಾತಿನಲ್ಲಿ ಸಿಟ್ಟೂ ಇರಲಿಲ್ಲ, ಬರೀ ಸುಸ್ತಿತ್ತು. ಏನಾದರೂ ಸಹಾಯ ಮಾಡಬೇಕು ಅನಿಸಿತು. ಗಂಡಸರಿಗೆ ಹೀಗೆ ಅನಿಸಿದಾಗ ಮನೆಯವರು ಎಚ್ಚರವಾಗಿರಬೇಕು.

“ಇವತ್ತು ನಿನ್ನ ಇಮೇಲ್ ರಿಪೇರಿ ಮಾಡ್ತೀನಿ,” ಅಂತ ಘೋಷಿಸಿದೆ.

“ಅದಕ್ಕೇನಾಗಿದೆ?”

“ಒತ್ತಿದಾಗಲೆಲ್ಲ ಟಣ್ ಅನ್ನುತ್ತಲ್ಲ!”

“ಅನ್ನಲಿ ಬಿಡಿ. ಈ ಮನೇಲಿ ನಾನು ಹೇಳಿದ ತಕ್ಷಣ ಉತ್ತರ ಕೊಡೋದು ಅದೊಂದೇ.”

“ಅರ್ಧ ಗಂಟೆ ಸಾಕು ಕಣೆ! ನಾಳೆ ಹೊಸ ಕುರ್ಚಿ, ಇವತ್ತು ಹೊಸ ಇಮೇಲ್!”

ಅವಳು ನನ್ನ ಮುಖ ನೋಡಿದಳು. ಕಂಪ್ಯೂಟರಿನ ಮುಂದೆ ಕೂತು ಪಟಪಟ ಅಂತ ಏನೋ ಟೈಪ್ ಮಾಡಿ ಒತ್ತಿದಳು. ಟಣ್! ಮತ್ತೆ ಏನೋ ಒತ್ತಿದಳು. ದೊಡ್ಡ ಉಸಿರು ಬಿಟ್ಟು ಎದ್ದಳು. ಮುಖ ಎಷ್ಟೋ ತಿಳಿಯಾಗಿತ್ತು. “ಆಯ್ತು, ಏನ್ ಬೇಕಾದ್ರೂ ಮಾಡ್ಕೊಳ್ಳಿ. ನಾನು ಬಟ್ಟೆ ಒಣಹಾಕಿ ಬರ್ತೀನಿ,” ಅಂತ ಬಕೆಟ್ ಎತ್ತಿಕೊಂಡು ಮಹಡಿಗೆ ಹೋದಳು.

ಯುದ್ಧ ಶುರುವಾಯಿತು. ಒಂದು ಫೋಲ್ಡರಿನೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಗುಲಾಬಿಯ ಫೈಲುಗಳು ಸಿಕ್ಕಿದವು. ಅಳಿಸಿದೆ. “ಬಳಕೆಯಲ್ಲಿದೆ, ಅಳಿಸಲಾಗದು” ಅಂದಿತು. ಇಮೇಲ್ ಮುಚ್ಚಿ ಅಳಿಸಿದೆ. “ಅನುಮತಿ ಇಲ್ಲ” ಅಂದಿತು. ನನ್ನ ಮನೆ, ನನ್ನ ಮೇಜು, ನನಗೇ ಅನುಮತಿ ಇಲ್ಲವಂತೆ! ಕಂಪ್ಯೂಟರ್ ಆರಿಸಿದೆ, ಹಚ್ಚಿದೆ, ಗದರಿಸಿದೆ, ಬೇಡಿಕೊಂಡೆ. ಅರ್ಧ ಗಂಟೆ ಎಂದೋ ಕಳೆದು ಬೆನ್ನು ಬಿಲ್ಲಾಗುವ ಹೊತ್ತಿಗೆ ಕೊನೆಗೂ ಅದು ಸೋತು ಒಂದು ಪ್ರಶ್ನೆ ಕೇಳಿತು: “ತೆಗೆಯುವ ಮುನ್ನ ಈ ಪ್ಲಗ್‌ಇನ್ನಿನ ಬಾಕಿ ಕೆಲಸ ಮುಗಿಸಲೇ?”

ಪಾಪ ಅನಿಸಿತು. ಹೋಗುವವನ ಕೊನೇ ಆಸೆ, ನಡೆಸಿಕೊಟ್ಟರೆ ನನ್ನ ಗಂಟೇನು ಹೋಗುತ್ತದೆ? ಉದಾರವಾಗಿ ‘ಹೌದು’ ಒತ್ತಿದೆ.

ಪರದೆಯ ಮೇಲೆ ಹಸಿರು ಪಟ್ಟಿಯೊಂದು ತೆವಳತೊಡಗಿತು. ಅದೇ ಹೊತ್ತಿಗೆ ಫ್ರಿಜ್ಜಿನ ಮೇಲಿಟ್ಟಿದ್ದ ನನ್ನ ಫೋನು ಟಿಣ್ ಟಿಣ್ ಟಿಣ್ ಅಂತ ಒಂದೇ ಸಮನೆ ಬಡಿದುಕೊಂಡಿತು. ಗ್ರಂಥಾಲಯದವರ ಭಾನುವಾರದ ಶುಭಾಶಯಗಳ ಹಾವಳಿಯಿರಬೇಕು ಅಂತ ನೋಡದೆಯೇ ಬಾಯಿ ಮುಚ್ಚಿಸಿ ಬಂದೆ.

ಖಾಲಿ ಬಕೆಟ್ ಹಿಡಿದು ಹೆಂಡತಿ ಕೆಳಗಿಳಿಯುವುದಕ್ಕೂ ಅವಳ ಫೋನು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು. ನನ್ನ ಅಕ್ಕ! ದನಿ ಹೊಸ್ತಿಲಾಚೆಗೂ ಕೇಳುತ್ತಿತ್ತು.

“ನಾನು ಬಂದು ಹೋದ್ಮೇಲೆ ನಿಮ್ಮನೆ ಸೋಫಾ ವಾರಗಟ್ಟಲೆ ಮೇಲಕ್ಕೇ ಏಳಲ್ವಾ?”

“ಅತ್ತಿಗೆ! ಹಾಗಂತ ಯಾರು ಹೇಳಿದ್ದು?”

“ನೀನೇ! ಈಗ ತಾನೇ ಬಂತು ಮೇಲು! ಬೈಯೋದೂ ಬೈದು ಕೆಳಗೆ ಗುಲಾಬಿ ಹೂ ಬೇರೆ!”

ಫೋನು ಕಟ್. ಹೆಂಡತಿ ನನ್ನತ್ತ ತಿರುಗಿದಳು.

“ಏನ್ ಒತ್ತಿದ್ರಿ?”

“ಬಾಕಿ ಕೆಲಸ ಮುಗಿಸಲೇ ಅಂತ ಕೇಳಿತು. ಮುಗಿಸು ಅಂದೆ.”

ಬಕೆಟ್ ಅವಳ ಕೈಯಿಂದ ಜಾರಿತು. ಆಗ ಹೊರಬಿತ್ತು ಸಂಗತಿ. ಯಾರ ಮೇಲೆ ಸಿಟ್ಟು ಬಂದರೂ ನನ್ನ ಹೆಂಡತಿ ಬಾಯಿ ಬಿಡುತ್ತಿರಲಿಲ್ಲ. ಅವರಿಗೊಂದು ಮೇಲ್ ಬರೆದು, ಮನಸಾರೆ ಬೈದು, ‘ಕಳಿಸು’ ಒತ್ತುತ್ತಿದ್ದಳು. ಟಣ್ ಅನ್ನುತ್ತಿತ್ತು. ‘ಬಿಟ್ಟುಬಿಡು’ ಒತ್ತಿ ಹಗುರಾಗುತ್ತಿದ್ದಳು.

“ಬೈದ ಹಾಗೂ ಆಗ್ತಿತ್ತು, ಯಾರಿಗೂ ನೋವೂ ಆಗ್ತಿರಲಿಲ್ಲ. ಅದಕ್ಕೇ ರೀ ಅದನ್ನ ರಿಪೇರಿ ಮಾಡಿಸದೆ ಬಿಟ್ಟಿದ್ದು!”

ಬಿಟ್ಟುಬಿಟ್ಟದ್ದು ಎಲ್ಲಿಗೂ ಹೋಗಿರಲಿಲ್ಲ. ಗುಲಾಬಿಗಾಗಿ ಕಾಯುತ್ತಾ ಪ್ಲಗ್‌ಇನ್ನಿನ ಹೊಟ್ಟೆಯಲ್ಲೇ ಸಾಲುಗಟ್ಟಿ ಕೂತಿತ್ತು. ನಾನು ಬಾಗಿಲು ತೆರೆದಿದ್ದೆ!

“ಮ್ಯಾನೇಜರಿಗೂ ಬರೆದಿದ್ಯಾ?” ಅಂತ ಕೇಳಿದೆ.

“ಅವರಿಗೆ ಬರೀದೆ ಇದ್ದ ವಾರ ಯಾವುದು?”

ಹಾರಿ ಹೋಗಿ ಇಂಟರ್ನೆಟ್ಟಿನ ವೈರು ಕಿತ್ತೆ. ಪರದೆ ತಣ್ಣಗೆ ಹೇಳಿತು: “ಎಲ್ಲ ಬಾಕಿ ಕೆಲಸ ಮುಗಿದಿದೆ. ಧನ್ಯವಾದ.”

“ಏನಂತ ಬರೆದಿದ್ದೆ?”

“ಯಾವ ಆರ್ಡರ್ ಯಾಕೆ ಕೈತಪ್ಪಿತು ಅಂತ. ಗುಂಡಿಗೂ ಬಟಾಣಿಗೂ ವ್ಯತ್ಯಾಸ ಗೊತ್ತಿಲ್ಲದೋರು ಅಂತ.” ತಡೆದು ಸಣ್ಣ ದನಿಯಲ್ಲಿ ಸೇರಿಸಿದಳು, “ಅವರ ತಲೆಗೆ ನಾಲ್ಕು ತೂತು ಕೊರೆದ್ರೆ ಒಳ್ಳೇ ಕೋಟಿನ ಗುಂಡಿ ಆಗುತ್ತೆ ಅಂತ.”

ನನಗೆ ನಗು ಬಂತು. ಬರಬಾರದಿತ್ತು.

“ವೈರಸ್ ಬಂದಿತ್ತು ಅಂತ ಬರೆದುಬಿಡೋಣ,” ಅಂದೆ ಅವಸರವಾಗಿ.

“ಆ ವೈರಸ್ ನನ್ನ ಎದುರಿಗೇ ಬನಿಯನ್ ಹಾಕ್ಕೊಂಡು ಕೂತಿದೆ.”

ಅಷ್ಟು ಹೇಳಿ ಕುರ್ಚಿಯ ಮೇಲೆ ಕುಸಿದಳು. “ಈ ಸಲ ಆಗುತ್ತೆ ಅಂದ್ಕೊಂಡಿದ್ದೆ ಕಣ್ರೀ,” ಅಂದಳು. ಕಣ್ಣು ತುಂಬಿತ್ತು. ಭೂಮಿ ಬಾಯಿಬಿಟ್ಟರೆ ಒಳಗೆ ಹೋಗಲು ನಾನು ತಯಾರಿದ್ದೆ. ಬಿಡಲಿಲ್ಲ. ನೀರು ತಂದುಕೊಟ್ಟೆ. ಕುಡಿಯಲಿಲ್ಲ. ಬಕೆಟ್ ಎತ್ತಿ ಅದರ ಜಾಗದಲ್ಲಿಟ್ಟೆ. ಅದರಿಂದ ಪರಿಸ್ಥಿತಿಯೇನೂ ಸುಧಾರಿಸಲಿಲ್ಲ.

ಊಟದ ಹೊತ್ತು ಮೀರಿದ ಮೇಲೆ ಫೋನು ಬಂತು. ಮ್ಯಾನೇಜರ್! ಎತ್ತುವ ಅವಸರದಲ್ಲಿ ಅವಳ ಬೆರಳು ಅದೆಲ್ಲಿ ತಾಗಿತೋ, ಅವರ ದನಿ ಮನೆಯಿಡೀ ಮೊಳಗಿತು.

“ನಾಳೆ ಸಂದರ್ಶನಕ್ಕೆ ನೀವು ಬರೋದು ಬೇಡ.”

“ಸರಿ ಸಾರ್,” ಅಂದಳು. ನಾನು ಕಣ್ಣು ಮುಚ್ಚಿಕೊಂಡೆ.

“ಬೆಳಿಗ್ಗೆಯಿಂದ ನಿಮ್ಮ ಮೇಲುಗಳನ್ನೇ ಓದ್ತಾ ಕೂತಿದೀನಿ. ಊಟಕ್ಕೂ ಎದ್ದಿಲ್ಲ. ಎಲ್ಲೆಲ್ಲಿ ತಪ್ಪಿದೀವಿ ಅಂತ ಬಿಡಿಸಿ ಬಿಡಿಸಿ ಬರೆದಿದ್ದೀರಿ. ಎಲ್ಲಾದಕ್ಕೂ ‘ಸರಿ ಸಾರ್’ ಅನ್ನೋರಿಗೆ ವಿಭಾಗ ನಡೆಸೋ ಗಟ್ಟಿತನ ಎಲ್ಲಿಂದ ಬರಬೇಕು ಅಂದ್ಕೊಂಡಿದ್ದೆ ನಾನು. ಇನ್ನು ಸಂದರ್ಶನ ಯಾಕೆ? ನೇರವಾಗಿ ಬಂದು ಆ ಕುರ್ಚೀಲಿ ಕೂತ್ಕೊಳ್ಳಿ.”

“ಸಾರ್!”

“ನನ್ನ ತಲೆ ವಿಷಯ ಮಾತ್ರ ಇನ್ಮೇಲೆ ಮುಖಕ್ಕೇ ಹೇಳಿ. ಗುಲಾಬಿ ಬೇಡ.”

ನನ್ನ ಹೆಂಡತಿ ಅತ್ತಳೋ ನಕ್ಕಳೋ ಗೊತ್ತಾಗಲಿಲ್ಲ, ಎರಡೂ ಇತ್ತು. ನನ್ನ ಎದೆ ಮಾತ್ರ ಬನಿಯನ್ನಿನೊಳಗೆ ಉಬ್ಬತೊಡಗಿತು.

“ನೋಡಿದ್ಯಾ! ನಾನು ಕೈ ಹಾಕದೆ ಇದ್ದಿದ್ರೆ ಆ ಕುರ್ಚಿ ಸಿಗ್ತಿತ್ತಾ? ಎಲ್ಲಾದಕ್ಕೂ ಒಬ್ಬ ಗಂಡ ಅಂತ ಇರಬೇಕು!”

ಅವಳು ಕಣ್ಣೊರೆಸಿಕೊಂಡಳು. “ನಿಮ್ಮ ಫೋನ್ ಎಲ್ಲಿ?”

“ಫ್ರಿಜ್ಜಿನ ಮೇಲೆ. ಯಾಕೆ?”

“ಏನಿಲ್ಲ. ಪುರುಸೊತ್ತಾದಾಗ ನೋಡಿ.”

ತೆಗೆದು ನೋಡಿದೆ. ಫೋನು ಇಸ್ತ್ರಿ ಪೆಟ್ಟಿಗೆಯ ಹಾಗೆ ಬಿಸಿಯಾಗಿತ್ತು. ಬಂದದ್ದು ಗ್ರಂಥಾಲಯದ ಶುಭಾಶಯವಲ್ಲ. ಎಲ್ಲವೂ ಅವಳದೇ! ಬೆರಳು ಸೋಲುವ ತನಕ ತಳ್ಳಿದರೂ ಮುಗಿಯಲಿಲ್ಲ. ಮ್ಯಾನೇಜರಿಗೆ ಸಿಕ್ಕಿದ್ದು ಬರೀ ಚಿಲ್ಲರೆ, ಇಡೀ ಗಂಟು ನನ್ನದಾಗಿತ್ತು. ಒದ್ದೆ ಟವೆಲ್ಲಿನ ಮೇಲೆ, ನನ್ನ ಗೊರಕೆಯ ಮೇಲೆ, ಅವಳು ಮಾತಾಡುವಾಗ ನಾನು ಹೂಂ ಅನ್ನುವ ರೀತಿಯ ಮೇಲೆ. “ನನ್ನ ಹುಟ್ಟಿದ ದಿನ ಮರೆತಿರಿ. ಪರವಾಗಿಲ್ಲ ಅಂದೆ. ಪರವಾಗಿತ್ತು.” ಅದನ್ನು ಎರಡು ಸಲ ಓದಿದೆ.

“ಹೊಸದನ್ನ ಮೊದಲು ಓದಿ,” ಅಂತ ಅವಳು ಅಡುಗೆಮನೆಯಿಂದ ಕೂಗಿದಳು. “ಅದೊಂದೇ ಸಣ್ಣದಿರೋದು.”

ತೆರೆದೆ. ಇವತ್ತು ಬೆಳಗಿನದು, ನಾನು ಪ್ರತಿಜ್ಞೆ ಘೋಷಿಸಿದ ಮರುಗಳಿಗೆ ಬರೆದದ್ದು.

“ರೀ, ನಿಮ್ಮ ದಮ್ಮಯ್ಯ ಅಂತೀನಿ, ಇವತ್ತೊಂದು ದಿನ ನನ್ನ ಕಂಪ್ಯೂಟರ್ ಮುಟ್ಟಬೇಡಿ.”

ಅದರ ಕೆಳಗೆ, ಅವಳ ಹೆಸರಿನ ಸುತ್ತ, ಗುಲಾಬಿ ಬಳ್ಳಿ ಸೊಂಪಾಗಿ ಹಬ್ಬಿತ್ತು.