ದೀಪಾವಳಿ ಆದಮೇಲೆ ಗಡ್ಡೆ ಕಿತ್ತ ಪ್ರಸಂಗ

ದೀಪಾವಳಿ ಮುಗಿದ ಮೇಲೆ ಹಿತ್ತಲಲ್ಲಿ ಏನೇನು ಕೆಲಸ ಮಾಡಬೇಕೆಂದು ನನ್ನನ್ನು ಕೇಳಿ, ಹೇಳುತ್ತೇನೆ. ಗುಲಾಬಿ ಟೊಂಗೆ ಕತ್ತರಿಸಬೇಕು, ಗೊಬ್ಬರ ಹಾಕಬೇಕು, ಒಣಗಿದ ಗಿಡಗಳ ಬುಡ ಅಗೆದು ಗಡ್ಡೆ ತೆಗೆಯಬೇಕು. ಇದನ್ನೆಲ್ಲ ನನ್ನ ಹೆಂಡತಿ ವಿಮಲಾ ಪ್ರತಿವರ್ಷ ಹೇಳುತ್ತ ಹೇಳುತ್ತಲೇ ಮಾಡುತ್ತಿದ್ದಳು. ನಾನು ಪೇಪರು ಓದುತ್ತ ಕೇಳುತ್ತಿದ್ದೆ.

ಈ ವರ್ಷ ಮಳೆ ಶುರುವಾಗುವ ಹೊತ್ತಿಗೆ ವಿಮಲಾ ತೀರಿಕೊಂಡಳು. ಮಗಳು ನನ್ನನ್ನು ಹಾವೇರಿಗೆ ಕರೆದೊಯ್ದಳು. ಹಬ್ಬ ಮುಗಿಸಿ ರಾಣೆಬೆನ್ನೂರಿಗೆ ಮರಳಿದರೆ ಹಿತ್ತಲೆಲ್ಲ ಒಣಗಿ ನಿಂತಿತ್ತು. ಅವಳ ಕೆಲಸ ಒಂದೂ ಬಾಕಿ ಉಳಿಯಬಾರದೆಂದು ತೀರ್ಮಾನಿಸಿ ಸಲಿಕೆ ಹಿಡಿದೆ.

ಗುಲಾಬಿಯನ್ನು ಎಷ್ಟು ಶ್ರದ್ಧೆಯಿಂದ ಕತ್ತರಿಸಿದೆನೆಂದರೆ, ಕೊನೆಗೆ ಗೇಣುದ್ದದ ಬೊಡ್ಡೆ ಮಾತ್ರ ಉಳಿಯಿತು. ಆಮೇಲೆ ಮೂಲೆಯಲ್ಲಿದ್ದ ಒಣಗಿಡಗಳ ಬುಡ ಅಗೆದೆ. ಬುಟ್ಟಿ ತುಂಬ ಗೆಣಸು! ಹೋಗುವ ಮುಂಚೆ ನನಗಾಗಿ ನೆಟ್ಟಿದ್ದಾಳೆ ಎಂದು ಕಣ್ಣು ತುಂಬಿ ಬಂತು. ಅಷ್ಟನ್ನೂ ತೊಳೆದು ಕುಕ್ಕರಿಗೆ ಹಾಕಿ ನಾಲ್ಕು ಸೀಟಿ ಹೊಡೆಸಿದೆ. ಪಕ್ಕದ ಮನೆಯ ಶಾಂತಕ್ಕನಿಗೂ ಒಂದು ತಟ್ಟೆ ಕೊಟ್ಟುಬಂದೆ. ಸಿಹಿ ಇರಲಿಲ್ಲ. ನೀರು ಸಾಲದೆ ಹೀಗಾಗಿರಬೇಕೆಂದು ಎರಡು ತಿಂದೆ.

ಶಾಂತಕ್ಕ ತಟ್ಟೆ ಹಿಡಿದುಕೊಂಡೇ ವಾಪಸು ಬಂದರು.

"ಸರ, ಇವು ಗೆಣಸಲ್ರಿ. ವೈನಿಯವರ ಡೇರೆ ಹೂವಿನ ಗಡ್ಡಿ."

ಮದುವೆಯಾದ ವರ್ಷ ವಿಮಲಾ ಶಿರಸಿಯ ತವರಿನಿಂದ ಈ ಡೇಲಿಯಾದ ಮೂರು ಗಡ್ಡೆ ತಂದಿದ್ದಳಂತೆ. ಪ್ರತಿವರ್ಷ ಈಗ ಕಿತ್ತು, ಒಣ ಮರಳಿನಲ್ಲಿಟ್ಟು, ಮಳೆಗೆ ಮುಂಚೆ ಮತ್ತೆ ನೆಡುತ್ತಿದ್ದಳಂತೆ. ಆ ಬಣ್ಣದ ಹೂ ಈಗ ಅವಳ ತವರಿನಲ್ಲೂ ಉಳಿದಿಲ್ಲವಂತೆ. ನನ್ನ ಹೆಂಡತಿಯ ಸಂಗತಿಯನ್ನು ಪಕ್ಕದ ಮನೆಯವರು ನನಗೆ ತಿಳಿಸಿಕೊಡುತ್ತಿದ್ದರು. ಅವಳ ತುರುಬಿನಲ್ಲಿ ಆ ಹೂ ನೋಡಿದ್ದೆ. ಅದಕ್ಕೊಂದು ಬುಡ ಇರುತ್ತದೆಂದು ನೋಡಿರಲಿಲ್ಲ.

ನಿಮಗೇನಾದರೂ ಒಂದು ಗಡ್ಡೆ ಕೊಟ್ಟಿದ್ದಳೇ ಎಂದು ಆಸೆಯಿಂದ ಕೇಳಿದೆ.

"ಬರೋ ವರ್ಷ ಕೊಡ್ತೇನಿ ಅಂದಿದ್ರು," ಎಂದು ಶಾಂತಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡರು.

ಅವರು ಹೋದ ಮೇಲೆ ತಟ್ಟೆಯಲ್ಲಿ, ಕುಕ್ಕರಿನಲ್ಲಿ ಹುಡುಕಿ, ಸಿಪ್ಪೆ ಬಿಚ್ಚದ ಒಂಬತ್ತು ಗಡ್ಡೆ ಆರಿಸಿದೆ. ಅದೇ ಮೂಲೆಯಲ್ಲಿ ಸಾಲಾಗಿ ನೆಟ್ಟೆ. ದಿನಾ ಬೆಳಿಗ್ಗೆ ಒಂದೊಂದು ತಂಬಿಗೆ ನೀರು ಹಾಕಿದೆ. ಎಂಟನೆಯ ದಿನ ಶಾಂತಕ್ಕ ಗೋಡೆಯಾಚೆಯಿಂದ ನೋಡಿ ನೋಡಿ, ಕೊನೆಗೆ ಮೆಲ್ಲಗೆ ಕೇಳಿಯೇಬಿಟ್ಟರು.

"ಸರ, ಬೆಂದ ಗಡ್ಡಿ ಚಿಗೀತಾವೇನ್ರಿ?"

ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತನಾದವನು ನಾನು.

"ನೋಡೂಣು ತಡೀರಿ," ಎಂದೆ.