ಬ್ಯಾಂಜೋ ಹಾಡಿನೊಳಗೊಂದು ಹಲ್ಲಿ

ಕಳೆದ ಶುಕ್ರವಾರ ಸಂಜೆ ನಾಲ್ಕೂ ಕಾಲಿಗೆ ನಾನು ನಮ್ಮ ಮನೆಯ ಹಾಲಿನಲ್ಲಿ, ಫ್ರಿಜ್‌ಗೂ ಸೋಫಾಕ್ಕೂ ನಡುವೆ, ಕಾಫಿ ಟ್ರೇ ಹಿಡಿದು ನಿಂತಿದ್ದೆ. ಮುಂದೆ ನಡೆದದ್ದರಲ್ಲಿ ಒಂದು ಲೋಟವೂ ಬೀಳಲಿಲ್ಲ ಎಂಬುದನ್ನು ಮೊದಲೇ ದಾಖಲಿಸುತ್ತೇನೆ.

ಕೊಲ್ಲಿ ನಾಡಿನ ರುಸೈಲ್‌ನ ಪೈಪ್ ಕಾರ್ಖಾನೆಯಲ್ಲಿ ನಾನು ಕ್ವಾಲಿಟಿ ಇನ್‌ಸ್ಪೆಕ್ಟರ್. ತಪ್ಪು ಹುಡುಕುವುದಕ್ಕೇ ಸಂಬಳ. ಸಹೋದ್ಯೋಗಿ ಡೇಲ್ ಅಮೆರಿಕದವರು, ಬ್ಯಾಂಜೋ ನುಡಿಸುತ್ತಾರೆ. ಅವರ ತಂಡ ನಿಜ್ವಾ ಊರಿನಲ್ಲಿ ಕಂಟ್ರಿ ಮತ್ತು ಬ್ಲೂಗ್ರಾಸ್ ಎಂಬ ಅವರ ಕಡೆಯ ಹಳ್ಳಿಹಾಡುಗಳ ಕಛೇರಿ ನಡೆಸಿದಾಗ ನಾನೂ ಹೆಂಡತಿಯೂ ಹೋಗಿದ್ದೆವು. ನನಗೆ ಮುಂದಿನ ಸಾಲು, ಮೈಕಿನ ಪಕ್ಕ. ಅಂದಿನ ಧ್ವನಿಮುದ್ರಣವೇ ಈಗ ಆಲ್ಬಮ್ ಆಗಲಿತ್ತು. ಪಿಟೀಲಿನವರು ಅಮೆರಿಕಕ್ಕೆ ಮರಳಿದ್ದರಿಂದ ಇನ್ನೊಮ್ಮೆ ನುಡಿಸುವಂತಿರಲಿಲ್ಲ.

ಧ್ವನಿಮುದ್ರಣವನ್ನೂ ಹೊದಿಕೆಯನ್ನೂ ಕೊಟ್ಟು, ಕಂಪನಿಯ ಪತ್ರಿಕೆಗೆ ವಿಮರ್ಶೆ ಬರೆದುಕೊಡಿ ಎಂದು ಡೇಲ್ ನನ್ನನ್ನೇ ಕೇಳಿದರು. ಮೈಸೂರಿನ ರಾಮೋತ್ಸವಗಳಲ್ಲಿ ಪಳಗಿದ ಕಿವಿ ನನ್ನದು. ಬ್ಯಾಂಜೋಗೆ ಹೆದರುವುದೇ?

ನುಡಿಸಾಣಿಕೆಯನ್ನು ಮನಸಾರೆ ಹೊಗಳಿ, ಎರಡೇ ನ್ಯೂನತೆ ನಮೂದಿಸಿದೆ: "ಮೂರು ಹಾಡುಗಳಲ್ಲಿ ಹಲ್ಲಿ ಲೊಚಗುಟ್ಟುತ್ತದೆ. ಯಾರೋ ಎಡೆಬಿಡದೆ ಸೊಳ್ಳೆ ಹೊಡೆಯುತ್ತಾರೆ. ನಿವಾರಿಸತಕ್ಕದ್ದು."

ಅದನ್ನು ಓದಿಯೇ ಡೇಲ್ ಆ ಶುಕ್ರವಾರ ಮನೆಗೆ ಬಂದಿದ್ದರು. ಆ ಸದ್ದನ್ನು ಬ್ಯಾಂಜೋದಿಂದ ಬೇರ್ಪಡಿಸಲಾಗದು, ನನಗೆ ಬೇಡವಾದರೆ ಮೂರೂ ಹಾಡುಗಳನ್ನು ಕೈಬಿಡುತ್ತೇನೆ ಎಂದರು. ದನಿ ಸಣ್ಣಗಾಗಿತ್ತು. ಗುಣಮಟ್ಟಕ್ಕೆ ತ್ಯಾಗ ಅನಿವಾರ್ಯ ಎಂದೆ! ಅವರು ಯಾಕೋ ನನ್ನ ತೊಡೆಯನ್ನೇ ನೋಡಿದರು.

ಹೆಂಡತಿ ವಸುಧಾ ಫೋನಿನಲ್ಲಿ ಹಾಡು ಹಾಕಿ ಅರ್ಧ ನಿಮಿಷ ಕೇಳಿದಳು.

"ರೀ, ಅದು ಹಲ್ಲಿ ಅಲ್ಲ, ನೀವು. ಖುಷಿಯಾದ್ರೆ ನಾಲಿಗೆ ಲೊಚಗುಟ್ಟಲ್ವಾ, ಹಾಗೆ."

"ಮತ್ತೆ ಸೊಳ್ಳೆ?"

"ಅದೂ ನೀವೇ. ತೊಡೆ ಮೇಲೆ ಆದಿತಾಳ. ಅವರು ಮುಗಿಸಿದ ಮೇಲೂ ಹಾಕ್ತಾ ಇದೀರ."

ಡೇಲ್‌ಗೆ ಇದು ಮೊದಲೇ ಗೊತ್ತಿತ್ತು. ನಾನು ಸಂಕೋಚದಿಂದ ನನ್ನ ಸದ್ದನ್ನೇ ತೆಗೆಸುತ್ತಿದ್ದೇನೆ ಎಂದುಕೊಂಡಿದ್ದರು. ಅಂದು ಸಭೆ ಕಲ್ಲಿನಂತೆ ಕೂತಿದ್ದಾಗ ಅವರ ಬೆರಳುಗಳು ತಂತಿ ತಪ್ಪುತ್ತಿದ್ದವಂತೆ. ನನ್ನ ತೊಡೆ ಕೇಳಿಸಿದ ಮೇಲೆ ದಾರಿಗೆ ಬಂದವಂತೆ. ಅವರು ಆಲ್ಬಮ್ಮಿನ ಹೊದಿಕೆಯನ್ನು ತಿರುಗಿಸಿದರು. ವಾದ್ಯಗಾರರ ಪಟ್ಟಿಯ ಕೊನೆಗೆ ನನ್ನ ಹೆಸರು. ಅದರ ಮುಂದೆ 'ತೊಡೆ'. ಆ ಹೊದಿಕೆ ಮೂರು ವಾರ ನನ್ನ ಮೇಜಿನ ಮೇಲಿತ್ತು. ಇನ್‌ಸ್ಪೆಕ್ಟರ್ ಹಿಂಬದಿ ನೋಡಿರಲಿಲ್ಲ!

ವಿಮರ್ಶೆ ಹಿಂತೆಗೆದುಕೊಂಡೆ. ಮೂರೂ ಹಾಡು ಉಳಿದವು. ನನ್ನ ತಪ್ಪುತಾಳವನ್ನು ಧೈರ್ಯವೆಂದು ಕೇಳಿಸಿಕೊಂಡ ಮನುಷ್ಯನಿಗೆ ಧನ್ಯವಾದ ಹೇಳಹೋದೆ. ನಾಲಿಗೆ ಮಾತ್ರ ಲೊಚಗುಟ್ಟಿತು.

ಇದನ್ನು ಕಣ್ಣಾರೆ ಕಂಡವರು ಡೇಲ್ ಮತ್ತು ವಸುಧಾ. ಇಬ್ಬರೂ ಆರೋಗ್ಯವಾಗಿದ್ದಾರೆ, ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ. ಹಲ್ಲಿಯೂ ಬದುಕಿದೆ. ಇದನ್ನು ಬರೆದದ್ದು ಅದೇ.